ಕಪ್ಪತಗುಡ್ಡದ ಬುಡದ ಗಾಳಿಯಂತ್ರ: ಬಿಚ್ಚಿದ್ದು, ಜೋಡಿಸಿದ್ದು, ಮತ್ತೆ ಬಿಚ್ಚಿದ್ದು

ನಮ್ಮ ಊರಿನ ಗಾಳಿಯಂತ್ರ ಮತ್ತೆ ನೀರೆತ್ತುತ್ತಿದೆ. ಕೆಲಸ ಪೂರ್ತಿ ಮುಗಿದಿಲ್ಲ. ಆದರೂ ಅಳತೆಗಳು ನೆನಪಿನಲ್ಲಿರುವಾಗಲೇ ಬರೆದಿಡಬೇಕೆಂದು ಕುಳಿತಿದ್ದೇನೆ. ಗದಗ, ಕೊಪ್ಪಳ, ಚಿತ್ರದುರ್ಗದ ಕಡೆ ಹೊಲದ ಬಾವಿಗಳ ಪಕ್ಕದಲ್ಲಿ ಇಂಥ ಯಂತ್ರಗಳ ಕಬ್ಬಿಣದ ಕಾಲುಗಳು ಇನ್ನೂ ನಿಂತಿದ್ದರೆ, ಅವನ್ನು ಎಬ್ಬಿಸಲು ಹೊರಟವರಿಗೆ ಇದು ಕೆಲಸಕ್ಕೆ ಬರಬೇಕು.

ಯಂತ್ರ 1980ರ ದಶಕದ್ದು. ಅಸಾಂಪ್ರದಾಯಿಕ ಇಂಧನಕ್ಕೆಂದು ಕೇಂದ್ರ ಸರ್ಕಾರ 1982ರಲ್ಲಿ ಪ್ರತ್ಯೇಕ ಇಲಾಖೆ ತೆರೆದ ಮೇಲೆ ಹಳ್ಳಿಗಳಿಗೆ ಬಂದ ಮಾದರಿ. ಹೆಸರು 12-ಪಿಯು-500. ಹನ್ನೆರಡು ರೆಕ್ಕೆ, 500 ಸೆಂಟಿಮೀಟರ್ ಅಡ್ಡಳತೆಯ ಚಕ್ರ. ಒಳಗೆ ಗಿಯರ್ ಇಲ್ಲ. ಚಕ್ರ ಒಂದು ಸುತ್ತು ಬಂದರೆ ಕ್ರ್ಯಾಂಕ್ ಒಂದು ಸಲ ಏರಿ ಇಳಿಯುತ್ತದೆ, ಅದಕ್ಕೆ ಕಟ್ಟಿದ ರಾಡು ಬಾವಿಯೊಳಗಿನ ಪಿಸ್ಟನ್ನನ್ನು ಎತ್ತಿ ಇಳಿಸುತ್ತದೆ. ಇಷ್ಟೇ ಯಂತ್ರ. ನಮ್ಮದು ಗೋಮಾಳದ ಅಂಚಿನ ಊರಬಾವಿಯ ಮೇಲಿದೆ, ದನಗಳ ನೀರಿನ ತೊಟ್ಟಿಗೂ ಶಾಲೆಯ ಟ್ಯಾಂಕಿಗೂ ನೀರು ಕೊಡುತ್ತಿತ್ತು. ನಿಂತು ಇಪ್ಪತ್ತು ವರ್ಷದ ಮೇಲಾಗಿತ್ತು.

ಸೋಲಾರ್ ಪಂಪ್ ಹಾಕಬಹುದಿತ್ತಲ್ಲ ಎಂದು ಬಹಳ ಜನ ಕೇಳಿದರು. ಹಾಕಬಹುದಿತ್ತು, ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮಲ್ಲಿ ಆಷಾಢ, ಶ್ರಾವಣದಲ್ಲಿ ದಿನಗಟ್ಟಲೆ ಮೋಡ ಮುಚ್ಚಿರುತ್ತದೆ, ಗಾಳಿ ಮಾತ್ರ ಬಿಡುವುದಿಲ್ಲ. ಅದಕ್ಕೂ ದೊಡ್ಡ ಕಾರಣ, ಈ ಯಂತ್ರ ಊರಿನದು. ಅದನ್ನು ಗುಜರಿಗೆ ತೂಕ ಹಾಕುವ ಮಾತು ಗ್ರಾಮಸಭೆಯಲ್ಲಿ ಬಂದ ದಿನವೇ ನಾವು ಕೆಲವರು ಕೂಡಿ ಸ್ವಲ್ಪ ಕಾಲಾವಕಾಶ ಕೇಳಿದೆವು. ನಾನು ಫಿಟ್ಟರ್ ಕೆಲಸ ಕಲಿತವನು. ಜೊತೆಗೆ ಬಡಿಗೇರ ಕಾಕಾ, ಪಂಚಾಯಿತಿಯ ಕೈಪಂಪ್ ರಿಪೇರಿ ಮಾಡುವ ಅಣ್ಣ, ಗುಡ್ಡದ ಮೇಲಿನ ದೊಡ್ಡ ಗಾಳಿ ವಿದ್ಯುತ್ ಯಂತ್ರಗಳಲ್ಲಿ ಟೆಕ್ನೀಶಿಯನ್ ಆಗಿರುವ ನಮ್ಮೂರ ಹುಡುಗ, ಮತ್ತು ಹಗ್ಗ ಹಿಡಿಯಲು ಯುವಕ ಮಂಡಳದವರು.

ಫೆಬ್ರವರಿ: ಪರೀಕ್ಷೆ

ಮೇಲೆ ಹತ್ತುವ ಮೊದಲು ಕೆಳಗೆ ಅಗೆದೆವು. ನಾಲ್ಕು ಕಾಲುಗಳ ಬುಡದ ಕಾಂಕ್ರೀಟಿನ ಸುತ್ತ ಒಂದೂವರೆ ಅಡಿ ಮಣ್ಣು ತೆಗೆದು, ಆಂಗಲ್‌ಗಳನ್ನು ತಂತಿಯ ಬ್ರಶ್‌ನಿಂದ ಉಜ್ಜಿ, ಸುತ್ತಿಗೆಯಿಂದ ತಟ್ಟಿ ನೋಡಿದೆವು. ಮೂರು ಕಾಲು ಗಟ್ಟಿ. ಬಾವಿಯ ಕಡೆಯ ಕಾಲು ಮಾತ್ರ ನೆಲಮಟ್ಟದಲ್ಲಿ ಪದರು ಪದರಾಗಿ ಉದುರಿತು. ಅಲ್ಲಿಗೆ ಅದೇ ಅಳತೆಯ ಆಂಗಲ್ಲನ್ನು ಎರಡೂ ಬದಿ ಎರಡಡಿ ಉದ್ದಕ್ಕೆ ಜೋಡಿಸಿ ಬೋಲ್ಟ್ ಹಾಕಿದ ಮೇಲೆಯೇ ಹತ್ತಿದ್ದು. ಇಂಥ ಗೋಪುರಗಳು ಕೊಳೆಯುವುದು ಮಣ್ಣು ಮತ್ತು ಗಾಳಿ ಸೇರುವ ಆ ನಾಲ್ಕು ಬೆರಳಿನಷ್ಟು ಜಾಗದಲ್ಲಿ. ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಬುಡ ನೋಡದೆ ಏರಬೇಡಿ.

ಟೆಕ್ನೀಶಿಯನ್ ಹುಡುಗ ಹಾಕಿದ ನಿಯಮಗಳನ್ನು ಕೊನೆಯವರೆಗೂ ಯಾರೂ ಮುರಿಯಲಿಲ್ಲ: ಬೆಳಿಗ್ಗೆ ಒಂಬತ್ತರೊಳಗೆ, ಗಾಳಿ ಏಳುವ ಮುಂಚೆ ಮಾತ್ರ ಮೇಲಿನ ಕೆಲಸ, ಇಡೀ ಮೈಗೆ ತೊಡುವ ಸುರಕ್ಷಾ ಬೆಲ್ಟ್ ಇಲ್ಲದೆ ಹತ್ತುವಂತಿಲ್ಲ, ಚಕ್ರವನ್ನು ಎರಡು ಕಡೆ ಹಗ್ಗದಿಂದ ಗೋಪುರಕ್ಕೆ ಕಟ್ಟದೆ ಸ್ಪ್ಯಾನರ್ ಹಚ್ಚುವಂತಿಲ್ಲ, ಮೇಲೆ ಜನ ಇರುವಾಗ ಕೆಳಗೆ ಯಾರೂ ನಿಲ್ಲುವಂತಿಲ್ಲ.

ಮೇಲೆ ಕಂಡದ್ದು: ಒಂದರ ಪಕ್ಕದಲ್ಲಿ ಒಂದಿದ್ದ ಎರಡು ರೆಕ್ಕೆಗಳು ಇರಲೇ ಇಲ್ಲ. ಮುಖ್ಯ ಶಾಫ್ಟಿನ ಎರಡೂ ಬೇರಿಂಗ್ ಹೋಗಿದ್ದವು. ಚಕ್ರವನ್ನು ಗಾಳಿಗೆ ಎದುರು ತಿರುಗಿಸುವ ಬಾಲದ ಕೀಲು ತುಕ್ಕು ಹಿಡಿದು ಒಂದೇ ಕಬ್ಬಿಣವಾಗಿತ್ತು. ರೆಕ್ಕೆ ಹಾರಿಹೋದದ್ದಕ್ಕೆ ಕಾರಣ ಆ ಕೀಲೇ. ಜೋರು ಗಾಳಿ ಬಂದಾಗ ಚಕ್ರ ಬಾಲದ ಕಡೆಗೆ ಮಡಚಿಕೊಂಡು ಗಾಳಿಗೆ ಓರೆಯಾಗಬೇಕು. ಕೀಲು ಹಿಡಿದುಕೊಂಡರೆ ಎದೆಯೊಡ್ಡಿ ನಿಲ್ಲುತ್ತದೆ, ಒಂದು ಆಷಾಢದಲ್ಲಿ ಮುರಿಯುತ್ತದೆ.

ಮಾರ್ಚ್: ಇಳಿಸಿದ್ದು

ಗೋಪುರದ ಎತ್ತರ 33 ಅಡಿ. ಕ್ರೇನಿಗೆ ಕೇಳಿದ ಬಾಡಿಗೆ ನಮ್ಮ ಕೈಮೀರಿದ್ದು. ಗೋಪುರದ ಒಂದು ಕಾಲಿಗೆ ನಾಲ್ಕು ಅಂಗುಲದ ಕಬ್ಬಿಣದ ಪೈಪನ್ನು ಮೇಲಕ್ಕೆ ಎಂಟಡಿ ಚಾಚುವಂತೆ ಮೂರು ಕಡೆ ಯು-ಬೋಲ್ಟ್ ಹಾಕಿ ಬಿಗಿದು, ತುದಿಯನ್ನು ಮೂರು ದಿಕ್ಕಿಗೆ ತಂತಿಹಗ್ಗದಿಂದ ಎಳೆದು ಕಟ್ಟಿ, ಒಂದು ಟನ್ನಿನ ಚೈನ್ ಪುಲ್ಲಿ ತೂಗಿಬಿಟ್ಟೆವು. ಮೊದಲು ರೆಕ್ಕೆಗಳನ್ನು ಒಂದೊಂದಾಗಿ, ಎದುರುಬದುರಿನ ಜೋಡಿಯ ಲೆಕ್ಕದಲ್ಲಿ ಬಿಚ್ಚಿದೆವು. ಒಂದೇ ಬದಿಯಿಂದ ಬಿಚ್ಚುತ್ತ ಹೋದರೆ ಉಳಿದ ಭಾರ ಚಕ್ರವನ್ನು ಹಠಾತ್ತನೆ ತಿರುಗಿಸಿಬಿಡುತ್ತದೆ.

ಬೋಲ್ಟುಗಳು ಬಿಚ್ಚಿ ಬರಲಿಲ್ಲ. ಡೀಸೆಲ್ ಮತ್ತು ಹಳೆಯ ಇಂಜಿನ್ ಆಯಿಲ್ ಬೆರೆಸಿ ವಾರವಿಡೀ ಹಚ್ಚಿದ ಮೇಲೆ ಅರ್ಧದಷ್ಟು ಸಡಿಲವಾದವು. ಉಳಿದವನ್ನು ಗ್ರೈಂಡರ್‌ನಿಂದ ಕತ್ತರಿಸಿದ್ದು. ಗ್ಯಾಸ್ ಹಚ್ಚಿ ಕಾಯಿಸುವ ಪ್ರಯತ್ನವನ್ನು ಮೇಲೆ ಮಾಡಬೇಡಿ. ಒಣ ಹುಲ್ಲಿನ ಗೋಮಾಳ, ಕೆಳಗೆ ಕಿಡಿ ಬಿದ್ದರೆ ಮುಗಿಯಿತು.

ಬಾಲದ ತಗಡಿನ ಮೇಲೆ ಯೋಜನೆಯ ಹಳೆಯ ಅಕ್ಷರಗಳು ಮಸುಕಾಗಿ ಉಳಿದಿವೆ. ಹೊಸ ಬಣ್ಣ ಹೊಡೆಯಬೇಕೋ ಬೇಡವೋ ಎಂದು ದೊಡ್ಡ ಚರ್ಚೆಯಾಯಿತು. ನನ್ನ ಅಭಿಪ್ರಾಯ ಗೆದ್ದಿತು: ಅಕ್ಷರದ ಬದಿಯನ್ನು ಬರೀ ತೊಳೆದು ಎಣ್ಣೆ ಒರೆಸಿ, ತೂತುಗಳಿಗೆ ಹಿಂಬದಿಯಿಂದ ತಗಡು ತೇಪೆ ಹಾಕಿ, ಹಿಂಬದಿಗೆ ಮಾತ್ರ ಬಣ್ಣ ಬಳಿದೆವು. ಯಂತ್ರ ಯಾವ ಕಾಲದ್ದು ಎಂದು ಹೇಳುವ ದಾಖಲೆ ಊರಿನಲ್ಲಿ ಅದೊಂದೇ.

ಮಾರ್ಚ್ ಕೊನೆ: ರೆಕ್ಕೆ, ಬೇರಿಂಗ್, ಕೀಲು

ಬೇರಿಂಗ್ ಸುಲಭ. ಶಾಫ್ಟ್ 50 ಮಿಲಿಮೀಟರ್. ಅದಕ್ಕೆ ಹೊಂದುವ ಯುಸಿಪಿ 210 ಪ್ಲಮ್ಮರ್ ಬ್ಲಾಕ್ (ಕೂರಿಸುವ ಪೀಠದ ಸಮೇತ ಬರುವ ಬೇರಿಂಗ್) ಹುಬ್ಬಳ್ಳಿಯಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಹಳೆಯದರ ತೂತುಗಳಿಗೆ ಹೊಂದದ ಕಾರಣ 10 ಮಿಲಿಮೀಟರ್ ಪ್ಲೇಟಿನ ಮೇಲೆ ಕೂರಿಸಿದೆವು. ಬಾಲದ ಕೀಲಿಗೆ ಲೇತ್‌ನಲ್ಲಿ ಹಿತ್ತಾಳೆ ಬುಶ್ ಮಾಡಿಸಿ, ಗ್ರೀಸ್ ನಿಪ್ಪಲ್ ಇಟ್ಟೆವು. ಮೊದಲು ನಿಪ್ಪಲ್ ಇರಲೇ ಇಲ್ಲ.

ಹೋದ ಎರಡು ರೆಕ್ಕೆಗಳಿಗೆ 18 ಗೇಜಿನ ತಗಡು ಬೇಕಿತ್ತು, ಸಿಕ್ಕಿದ್ದು ಅದಕ್ಕಿಂತ ದಪ್ಪದ 16 ಗೇಜ್. ಬಾಗನ್ನು ಹಳೆಯ ರೆಕ್ಕೆಯ ಮೇಲೆಯೇ ಇಟ್ಟು ತಟ್ಟಿ ತೆಗೆದೆವು, ಆಕಾರ ಸರಿಯಾಯಿತು. ತೂಗಿದಾಗ ಹೊಸದು ಒಂದೊಂದೂ ಒಂದು ಕಿಲೋಗಿಂತ ಹೆಚ್ಚು ಭಾರ. ಹಳೆಯ ಜಾಗದಲ್ಲಿ ಪಕ್ಕಪಕ್ಕ ಹಾಕಿ ನೆಲದ ಮೇಲೆ ಚಕ್ರ ತಿರುಗಿಸಿದರೆ, ಪ್ರತಿ ಸಲವೂ ಆ ಎರಡು ರೆಕ್ಕೆಗಳೇ ಕೆಳಗೆ ಬಂದು ನಿಲ್ಲುತ್ತಿದ್ದವು. ಎದುರಿಗೆ ಕಬ್ಬಿಣದ ತುಂಡು ಕಟ್ಟಿ ಸಮ ಮಾಡೋಣ ಎಂದು ಕೆಲವರು ಹೇಳಿದರು. ಬಡಿಗೇರ ಕಾಕಾ ಅದಕ್ಕಿಂತ ಸರಳ ದಾರಿ ತೋರಿಸಿದರು: ಒಂದನ್ನು ಒಂದನೆಯ ಜಾಗಕ್ಕೆ, ಇನ್ನೊಂದನ್ನು ಏಳನೆಯ ಜಾಗಕ್ಕೆ ಹಾಕಿ. ಎದುರುಬದುರು ಬಂದ ಭಾರ ತಾನೇ ಸರಿದೂಗಿತು. ಕೊನೆಗೆ ಎರಡು ದಪ್ಪ ವಾಷರ್ ಸಾಕಾದವು.

ಏಪ್ರಿಲ್: ಬಾವಿಯೊಳಗೆ

ಇಲ್ಲಿಯವರೆಗಿನದು ಕಬ್ಬಿಣದ ಕೆಲಸ. ಯಂತ್ರ ಯಾಕೆ ಸತ್ತಿತು ಎಂಬುದು ತಿಳಿದದ್ದು ಬಾವಿಯಲ್ಲಿ.

ಪಂಪಿನ ಸಿಲಿಂಡರ್ ಒಳಬಾಯಿ 100 ಮಿಲಿಮೀಟರ್, ಹಿತ್ತಾಳೆಯದು. ನೆಲಮಟ್ಟದಿಂದ 44 ಅಡಿ ಕೆಳಗಿತ್ತು. ಅಲ್ಲಿಂದ ಮೇಲಕ್ಕೆ ಎರಡು ಅಂಗುಲದ ಜಿಐ ಪೈಪು, ಅದರೊಳಗೆ ರಾಡು. ಪೈಪಿನ ಬಾಯಿ 50 ಮಿಲಿಮೀಟರ್, ಪಿಸ್ಟನ್ 100. ಅಂದರೆ ಪಿಸ್ಟನ್ನಿನ ಚರ್ಮದ ವಾಷರ್ ಸವೆದಾಗಲೆಲ್ಲ ಇಡೀ ಪೈಪಿನ ಸಾಲನ್ನೇ ಮೇಲೆತ್ತಿ, ಬಿಚ್ಚಿ, ಸಿಲಿಂಡರ್ ತೆರೆದು ಪಿಸ್ಟನ್ ತೆಗೆಯಬೇಕು. ನಾವು ಎತ್ತುವಾಗ ಎಂಟು ಜನ ಮತ್ತು ಚೈನ್ ಪುಲ್ಲಿ ಬೇಕಾಯಿತು. ಐವತ್ತು ರೂಪಾಯಿಯ ಚರ್ಮಕ್ಕಾಗಿ ಪ್ರತಿ ವರ್ಷ ಇಷ್ಟು ಜನರನ್ನು ಯಾರು ಕೂಡಿಸುತ್ತಾರೆ? ಸಿಲಿಂಡರಿನಲ್ಲಿ ಸಿಕ್ಕ ವಾಷರ್ ಒಣಗಿದ ಹುಣಸೆ ಸಿಪ್ಪೆಯಂತೆ ಮುರಿಯಿತು. ರೆಕ್ಕೆ ಹಾರುವ ಎಷ್ಟೋ ಮೊದಲೇ ನೀರು ನಿಂತಿತ್ತು ಎಂದು ಹಿರಿಯರು ಹೇಳುತ್ತಿದ್ದದ್ದಕ್ಕೆ ಅರ್ಥ ಸಿಕ್ಕಿತು. ನೀರು ಕೊಡದ ಯಂತ್ರಕ್ಕೆ ಗ್ರೀಸ್ ಹಾಕಲು ಯಾರೂ ಹತ್ತುವುದಿಲ್ಲ.

ಕೈಪಂಪ್ ಅಣ್ಣನಿಗೆ ಇದು ಗೊತ್ತಿದ್ದ ಕಥೆ. ಊರೂರಿನಲ್ಲಿರುವ ಇಂಡಿಯಾ ಮಾರ್ಕ್-2 ಕೈಪಂಪಿನಲ್ಲೂ ಇದೇ ತೊಂದರೆ: ಸಣ್ಣ ಪೈಪು, ದೊಡ್ಡ ಸಿಲಿಂಡರ್. ಅದಕ್ಕೆಂದೇ ಮುಂದೆ ಮಾರ್ಕ್-3 ಬಂದಾಗ ಪೈಪನ್ನು ಎರಡೂವರೆ ಅಂಗುಲಕ್ಕೆ ಹಿಗ್ಗಿಸಿದರು, ಪಿಸ್ಟನ್ ಮಾತ್ರ ಮೇಲೆಳೆಯಬಹುದಾಯಿತು. ನಾವೂ ಹಾಗೆಯೇ ಮಾಡೋಣ ಎಂದರು ಅಣ್ಣ. ಇಡೀ ದುರಸ್ತಿಯಲ್ಲಿ ಅತ್ಯಂತ ಬೆಲೆಬಾಳುವ ಮಾತು ಅದು.

ಜಿಐ ಪೈಪು ತೆಗೆದು 110 ಮಿಲಿಮೀಟರಿನ, 6 ಕಿಲೋ ಒತ್ತಡದ ಪಿವಿಸಿ ಪೈಪು ಮೂರು ತಂದೆವು. ಒಳಬಾಯಿ ಅಳೆದರೆ 102 ಮಿಲಿಮೀಟರ್ ಚಿಲ್ಲರೆ, ಪಿಸ್ಟನ್ ಸಲೀಸಾಗಿ ಹಾಯುತ್ತದೆ. ಪೈಪಿನ ಮೇಲಿನ ಬಾಯಿಯನ್ನು ಟ್ಯಾಂಕಿಗಿಂತ ಎರಡಡಿ ಎತ್ತರಕ್ಕೆ ತೆರೆದೇ ಬಿಟ್ಟು, ಅದರ ಕೆಳಗೆ ಪಕ್ಕಕ್ಕೆ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಟ್ಯಾಂಕಿಗೆ ಕೊಟ್ಟೆವು. ರಾಡಿನ ಸುತ್ತ ನೀರು ಸೋರದಂತೆ ತಡೆಯಲು ಮೇಲೆ ಗ್ಲ್ಯಾಂಡ್, ಪ್ಯಾಕಿಂಗ್ ಏನೂ ಬೇಕಿಲ್ಲ. ಪಿವಿಸಿ ಕಬ್ಬಿಣದ ಹಾಗೆ ನೆಟ್ಟಗೆ ನಿಲ್ಲುವುದಿಲ್ಲ. ಬಾವಿಯ ಕಲ್ಲಿಗೆ ಐದಡಿಗೊಂದು ಕ್ಲಾಂಪ್ ಹೊಡೆದು, ನಡುವೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಿದೆವು.

ಮೊದಲ ಸಲ ಪಿಸ್ಟನ್ ಇಳಿಬಿಟ್ಟಾಗ ಎರಡನೆಯ ಜೋಡಣೆಯಲ್ಲಿ ಸಿಕ್ಕಿಕೊಂಡಿತು. ಒಳಪೈಪಿನ ತುದಿ ಗರಗಸದಿಂದ ಕತ್ತರಿಸಿದ ಹಾಗೆಯೇ ಚೂಪಾಗಿತ್ತು, ಮೇಲಾಗಿ ಒತ್ತಿದಾಗ ಪೈಪು ಅಂಟಿಸುವ ಸೊಲ್ಯೂಷನ್ ಒಳಕ್ಕೆ ಹರಿದು ಗಟ್ಟಿಯಾಗಿತ್ತು. ಮೇಲಿನ ಎರಡು ಪೈಪು ಕತ್ತರಿಸಿ ಮತ್ತೆ ಜೋಡಿಸಬೇಕಾಯಿತು. ಎರಡನೆಯ ಸಲ ಪ್ರತಿ ತುದಿಯ ಒಳ ಅಂಚನ್ನು ಅರದಿಂದ ಇಳಿಜಾರು ಮಾಡಿ, ಸೊಲ್ಯೂಷನ್ನನ್ನು ಹೊರಪೈಪಿಗೆ ಹಚ್ಚದೆ ಒಳಪೈಪಿನ ಮೈಗೆ ಮಾತ್ರ ಹಚ್ಚಿ, ಕೋಲಿಗೆ ಬಟ್ಟೆ ಸುತ್ತಿ ಒಳಗೆ ಒರೆಸಿದೆವು.

ರಾಡಿಗೆ ಕೈಪಂಪಿನ 12 ಮಿಲಿಮೀಟರಿನ, ಮೂರು ಮೀಟರ್ ಉದ್ದದ ರಾಡುಗಳನ್ನೇ ಬಳಸಿದೆವು. ಹಳೆಯದು ಒಂದು ಅಂಗುಲದ ಪೈಪು, ಸುಮ್ಮನೆ ಭಾರ. ಕೈಪಂಪಿನ ರಾಡು ಹಗುರ, ಯಾವ ತಾಲ್ಲೂಕಿನಲ್ಲಾದರೂ ಸಿಗುತ್ತದೆ.

ವಾಷರ್

ಪಿಸ್ಟನ್ನಿಗೆ ಹಾಕುವ 100 ಮಿಲಿಮೀಟರಿನ, ಬಟ್ಟಲಿನಾಕಾರದ ರಬ್ಬರ್ ಬಕೆಟ್ ವಾಷರ್ ಗದಗಿನಲ್ಲೂ ಹುಬ್ಬಳ್ಳಿಯಲ್ಲೂ ಸಿಗಲಿಲ್ಲ, ಕೈಪಂಪಿನದು ಚಿಕ್ಕದು. ಹಾಗಾಗಿ ಚರ್ಮ. ಮೊದಲು ಮೃದುವಾದ ಶೂ ಚರ್ಮದಲ್ಲಿ ಮಾಡಿದೆವು. ನೀರಿನಲ್ಲಿ ಒಂದು ರಾತ್ರಿ ಇಟ್ಟರೆ ಬಟ್ಟೆಯ ಹಾಗೆ ಜೋತುಬಿತ್ತು. ಚಪ್ಪಲಿ ಹೊಲಿಯುವ ಅಜ್ಜ ಅದನ್ನು ಕೈಯಲ್ಲಿ ಮಡಚಿ ನೋಡಿ, ಇದು ರಾಸಾಯನಿಕದಲ್ಲಿ ಹದ ಮಾಡಿದ ಚರ್ಮ, ಆಕಾರ ಹಿಡಿಯುವುದಿಲ್ಲ ಎಂದರು. ಬೇಕಾದದ್ದು ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ಎಮ್ಮೆಯ ಚರ್ಮ, ಅಥಣಿಯ ಕಡೆ ಕೊಲ್ಹಾಪುರಿ ಚಪ್ಪಲಿಯ ಅಟ್ಟೆಗೆ ಹಾಕುವಂಥದ್ದು. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಿನ ಚೀಲ ಹೊಲಿದ ಕೈ ಅವರದು, ಅಳತೆ ಹೇಳುವ ಅಗತ್ಯವೇ ಇರಲಿಲ್ಲ.

ಮಾಡುವ ಕ್ರಮ ಹೀಗೆ. ನಾಲ್ಕು ಮಿಲಿಮೀಟರ್ ದಪ್ಪದ ಚರ್ಮದಲ್ಲಿ 140 ಮಿಲಿಮೀಟರಿನ ಬಿಲ್ಲೆ ಕತ್ತರಿಸಿ, ನಡುವೆ ಪಿಸ್ಟನ್ ಬೋಲ್ಟಿಗೆ ತೂತು ಹೊಡೆಯಬೇಕು. ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಬೇಕು. ಬಡಿಗೇರ ಕಾಕಾ ಕರಿಜಾಲಿಯ ಕೊರಡಿನಲ್ಲಿ 100 ಮಿಲಿಮೀಟರಿನ ಗುಂಡಿ ತೆಗೆದು, ಅದಕ್ಕೆ 92 ಮಿಲಿಮೀಟರಿನ ಗುಂಡು ಕೊಟ್ಟಿದ್ದರು. ಎರಡೂ ಬದಿಯ ಚರ್ಮದ ದಪ್ಪ ಸೇರಿ ಎಂಟು ಮಿಲಿಮೀಟರ್, ಲೆಕ್ಕ ಸರಿ. ನೆನೆದ ಬಿಲ್ಲೆಯನ್ನು ಗುಂಡಿಯ ಮೇಲೆ ಹಾಸಿ, ಗುಂಡನ್ನು ವೈಸ್‌ನಲ್ಲಿ ನಿಧಾನವಾಗಿ ಒತ್ತಬೇಕು. ಅವಸರ ಮಾಡಿದರೆ ಮೂಲೆಯಲ್ಲಿ ನೆರಿಗೆ ಬೀಳುತ್ತದೆ, ಆ ನೆರಿಗೆಯಲ್ಲೇ ನೀರು ಸೋರುತ್ತದೆ. ಅಚ್ಚಿನಲ್ಲಿಯೇ ನೆರಳಿನಲ್ಲಿ ಎರಡು ದಿನ ಒಣಗಿಸಬೇಕು. ಒಂದನ್ನು ಬಿಸಿಲಿಗಿಟ್ಟೆವು, ಅಂಚು ಸೀಳಿತು. ಒಣಗಿದ ಮೇಲೆ ಅಂಚನ್ನು ಹರಿತ ಕತ್ತಿಯಿಂದ ಸಮ ಮಾಡಿ, ಬೆರಳು ಇಡಬಹುದಾದಷ್ಟು ಬೆಚ್ಚಗಿನ ಹರಳೆಣ್ಣೆಯಲ್ಲಿ ಮುಳುಗಿಸಬೇಕು. ಎಣ್ಣೆ ಕುದಿಯಲು ಬಿಟ್ಟರೆ ಚರ್ಮ ಸುಟ್ಟು ಗಟ್ಟಿಯಾಗುತ್ತದೆ. ಒಂದೊಂದಾಗಿ ಎದ್ದು ಬರುವ ಗುಳ್ಳೆಗಳು ನಿಂತರೆ ಚರ್ಮ ಎಣ್ಣೆ ಕುಡಿದಿದೆ ಎಂದು ತಿಳಿಯಬೇಕು.

ಮೇ: ಏರಿಸಿದ್ದು

ಇಳಿಸಿದ ಕ್ರಮವನ್ನೇ ತಿರುವು ಮಾಡಿ ಏರಿಸಿದೆವು, ಹೇಳುವಂಥದ್ದು ಹೆಚ್ಚಿಲ್ಲ. ಕ್ರ್ಯಾಂಕಿಗೂ ಕಬ್ಬಿಣದ ರಾಡಿಗೂ ನಡುವೆ ಹತ್ತಡಿ ಮರದ ಗಳ ಹಾಕಿದ್ದೇವೆ. ಬಾವಿಯೊಳಗೆ ಏನಾದರೂ ಸಿಕ್ಕಿಕೊಂಡರೆ ಮರ ಮುರಿಯುತ್ತದೆ, ಕ್ರ್ಯಾಂಕ್ ಉಳಿಯುತ್ತದೆ. ಮೊದಲ ಗಳದಲ್ಲಿ ಬೋಲ್ಟಿನ ತೂತಿನ ಹತ್ತಿರ ಗಂಟು ಇತ್ತು, ಪರೀಕ್ಷೆಯಲ್ಲೇ ಸೀಳಿತು. ಎರಡನೆಯದನ್ನು ನೇರ ಎಳೆಯ ಜಾಲಿಯಲ್ಲಿ ಮಾಡಿ, ತುದಿಗಳಿಗೆ ಎರಡೂ ಬದಿ ಕಬ್ಬಿಣದ ಪಟ್ಟಿ ಕೊಟ್ಟೆವು.

ಜೂನ್: ತಿರುಗಲಿಲ್ಲ, ತಿರುಗಿತು, ಬಿತ್ತು

ಚಕ್ರದ ಹಗ್ಗ ಬಿಚ್ಚಿಬಿಟ್ಟ ದಿನ ಗಾಳಿ ಚೆನ್ನಾಗಿಯೇ ಇತ್ತು. ಚಕ್ರ ಕಾಲು ಸುತ್ತು ಬಂದು ನಿಂತಿತು, ಹಿಂದಕ್ಕೆ ಜಾರಿತು, ಮತ್ತೆ ನಿಂತಿತು. ಬಾವಿಯ ನೀರು 36 ಅಡಿಯಲ್ಲಿ, ಟ್ಯಾಂಕಿನ ಬಾಯಿ ನೆಲದಿಂದ ಹತ್ತಡಿ ಮೇಲೆ. 14 ಮೀಟರ್ ನೀರಿನ ಕಂಬ, 100 ಮಿಲಿಮೀಟರ್ ಪಿಸ್ಟನ್: ನೀರೊಂದೇ 110 ಕಿಲೋ. ನಿಂತ ಚಕ್ರ ಮೊದಲ ಸುತ್ತಿಗೇ ಅಷ್ಟನ್ನೂ ಎತ್ತಬೇಕು. ಹುಡುಗನ ಕೈಯಲ್ಲಿದ್ದ ಗಾಳಿಮಾಪಕ ಸೆಕೆಂಡಿಗೆ ನಾಲ್ಕೂವರೆ ಮೀಟರ್ ತೋರಿಸಿದಾಗ ಮಾತ್ರ ಹೊರಟಿತು.

ಇದಕ್ಕೆ ಮದ್ದು ಪಿಸ್ಟನ್ನಿನಲ್ಲಿ ಸಣ್ಣ ತೂತು. ಚಕ್ರ ನಿಧಾನವಾಗಿರುವಾಗ ಮೇಲಿನ ನೀರು ಆ ತೂತಿನಿಂದ ಕೆಳಗೆ ಸೋರುತ್ತದೆ, ಚಕ್ರ ಹಗುರಾಗಿ ತೆವಳುತ್ತ ವೇಗ ಹಿಡಿಯುತ್ತದೆ. ವೇಗ ಬಂದ ಮೇಲೆ ಸೋರಲು ಸಮಯವೇ ಸಿಗುವುದಿಲ್ಲ. ಕಷ್ಟಪಟ್ಟು ನೀರು ಸೋರದ ವಾಷರ್ ಮಾಡಿದ ಕೈಯಿಂದಲೇ ಪಿಸ್ಟನ್ನಿಗೆ ತೂತು ಹೊಡೆಯಲು ಯಾರಿಗೂ ಮನಸ್ಸಿರಲಿಲ್ಲ, ಆದರೂ 3 ಮಿಲಿಮೀಟರಿನ ಡ್ರಿಲ್ ಹಾಕಿದೆವು. ಸೆಕೆಂಡಿಗೆ ಮೂರು ಮೀಟರಿನ ಗಾಳಿಗೇ ಹೊರಡಲು ಶುರುವಾಯಿತು. ಇನ್ನೂ ದೊಡ್ಡ ತೂತು ಮಾಡಿ ನೋಡೋಣ ಎಂಬ ಆಸೆಗೆ ಬೀಳಬೇಡಿ. ತೂತಿನ ಅಗಲ ಎರಡು ಪಟ್ಟಾದರೆ ಸೋರಿಕೆ ನಾಲ್ಕು ಪಟ್ಟಾಗುತ್ತದೆ. ಒಂದು ರೆಕ್ಕೆಗೆ ಕೆಂಪು ಬಳಿದು ಸುತ್ತು ಎಣಿಸಿದೆವು: ನಿಮಿಷಕ್ಕೆ 30 ಸುತ್ತಿಗೆ 15 ಲೀಟರಿನ ಕೊಡ ಅರ್ಧ ನಿಮಿಷದಲ್ಲಿ ತುಂಬುತ್ತದೆ. ಕ್ರ್ಯಾಂಕಿನ ಏರಿಳಿತ 150 ಮಿಲಿಮೀಟರ್, ಲೆಕ್ಕದ ಪ್ರಕಾರ ನಿಮಿಷಕ್ಕೆ 35 ಲೀಟರ್ ಬರಬೇಕು. 30 ಬಂದದ್ದು ನನಗೆ ತೃಪ್ತಿ.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಚಕ್ರ ಗಿರಗಿರನೆ ಓಡುತ್ತಿತ್ತು, ಟ್ಯಾಂಕಿಗೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಕೆಳಗಿನ ಸನ್ನೆಕೋಲಿನಿಂದ ಬಾಲ ಮಡಚಿ, ಚಕ್ರ ನಿಲ್ಲಿಸಿ ನೋಡಿದರೆ ರಾಡಿನ ಕಪ್ಲಿಂಗ್ ಬಿಚ್ಚಿ ಪಿಸ್ಟನ್ ಸಮೇತ ಕೆಳಗೆ ಬಿದ್ದಿತ್ತು. ಗಾಳಿಯ ದಿಕ್ಕು ಬದಲಾದಾಗ ಯಂತ್ರದ ತಲೆ ತಿರುಗುತ್ತದೆ. ಆ ತಿರುಗು ರಾಡಿಗೆ ತಲುಪಬಾರದೆಂದು ನಡುವೆ ಸ್ವಿವೆಲ್ ಇರುತ್ತದೆ. ನಮ್ಮ ಸ್ವಿವೆಲ್ ಬರೀ ಒಂದು ಬೋಲ್ಟು ಮತ್ತು ವಾಷರ್. ಒಂದು ಕ್ವಿಂಟಾಲಿಗೂ ಮೀರಿದ ಭಾರದ ಕೆಳಗೆ ಅದು ಬಿಗಿದುಕೊಂಡಿತು, ತಲೆ ತಿರುಗಿದಂತೆಲ್ಲ ರಾಡಿನ ಮರೆ (ತಿರುಪಿನ ಸುತ್ತು) ಬಿಚ್ಚುತ್ತ ಹೋಯಿತು.

ಹಳೆಯ ಎರಡು ಅಂಗುಲದ ಪೈಪಿದ್ದರೆ ಮತ್ತೆ ಎಂಟು ಜನ, ಚೈನ್ ಪುಲ್ಲಿ. ಈ ಸಲ ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯ ಮಾದರಿಯಲ್ಲಿ ಮೂರು ಕೊಕ್ಕೆಯ ಸಣ್ಣದೊಂದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ, ಪೈಪಿನ ತೆರೆದ ಬಾಯಿಂದ ಹಗ್ಗ ಕಟ್ಟಿ ಇಳಿಬಿಟ್ಟೆವು. ಕಪ್ಲಿಂಗಿನ ಭುಜಕ್ಕೆ ಕೊಕ್ಕೆ ಸಿಕ್ಕಿತು. ಕೈಪಂಪ್ ಅಣ್ಣ ಮತ್ತು ನಾನು ಇಬ್ಬರೇ ಮಧ್ಯಾಹ್ನದೊಳಗೆ ಮೇಲೆಳೆದೆವು.

ಹೊಸ ಸ್ವಿವೆಲ್ ಲೇತ್‌ನಲ್ಲಿ ಮಾಡಿಸಿದ್ದು: ಕಬ್ಬಿಣದ ಡಬ್ಬಿಯೊಳಗೆ ತೂಗುವ ಭಾರ ಹೊತ್ತೇ ತಿರುಗುವ, 20 ಮಿಲಿಮೀಟರ್ ಬಾಯಿಯ ಥ್ರಸ್ಟ್ ಬೇರಿಂಗ್, ಅದರ ಮೇಲೆ ರಾಡಿನ ನಟ್ಟು, ನಟ್ಟಿಗೆ ಕಾಟರ್ ಪಿನ್, ಡಬ್ಬಿ ತುಂಬ ಗ್ರೀಸ್, ಮೇಲೆ ಮಳೆನೀರು ಹೋಗದಂತೆ ತಗಡಿನ ಕೊಡೆ. ಪ್ರತಿ ಕಪ್ಲಿಂಗಿಗೂ ಎದುರು ನಟ್ಟು ಬಿಗಿದೆವು. ಅಲ್ಲಿಂದೀಚೆಗೆ ಸಡಿಲಾಗಿಲ್ಲ.

ಖರ್ಚು

ಬೇರಿಂಗ್ ಜೋಡಿ 2,700, ತಗಡು, ಆಂಗಲ್, ನಟ್ಟು ಬೋಲ್ಟು 6,850, ಸ್ವಿವೆಲ್, ಬುಶ್, ಸಿಲಿಂಡರ್ ಹೋನಿಂಗ್ (ಒಳಮೈ ಉಜ್ಜಿ ನುಣುಪು ಮಾಡುವುದು) ಸೇರಿ ಲೇತ್ ಕೆಲಸ 5,400, ಪಿವಿಸಿ ಪೈಪು, ಸೊಲ್ಯೂಷನ್, ಕ್ಲಾಂಪ್ 5,900, ರಾಡು ಮತ್ತು ಕಪ್ಲಿಂಗ್ 2,250, ಫುಟ್‌ವಾಲ್ವ್ (ಎತ್ತಿದ ನೀರು ಬಾವಿಗೆ ಹಿಂತಿರುಗದಂತೆ ತಡೆಯುವ ತಳದ ವಾಲ್ವ್) 1,800, ಚರ್ಮ, ಹರಳೆಣ್ಣೆ 700, ರೆಡ್ ಆಕ್ಸೈಡ್ ಮತ್ತು ಅಲ್ಯೂಮಿನಿಯಂ ಬಣ್ಣ 2,100, ಚೈನ್ ಪುಲ್ಲಿ ಬಾಡಿಗೆ, ಟ್ರ್ಯಾಕ್ಟರ್ ಡೀಸೆಲ್ 2,600. ಒಟ್ಟು 30,300 ರೂಪಾಯಿ. ಮರ ಊರಿನದು, ಕೂಲಿ ಯಾರೂ ತೆಗೆದುಕೊಳ್ಳಲಿಲ್ಲ. ಹಳೆಯ ಜಿಐ ಪೈಪು ಮಾರಿದ ಹಣ ಪೆಟ್ಟಿಗೆಯಲ್ಲಿದೆ, ಮುಂದಿನ ಗ್ರೀಸಿಗೆ.

ಬಾಕಿ

ಫುಟ್‌ವಾಲ್ವ್ ಇನ್ನೂ ಸಿಲಿಂಡರಿನ ತಳಕ್ಕೆ ಬಿಗಿದ ಮಾದರಿಯದು. ಅದು ಕೆಟ್ಟರೆ ಪೈಪು ಎತ್ತಲೇಬೇಕು. ಪಿಸ್ಟನ್ನಿನ ತುದಿಗೇ ಸಿಕ್ಕಿಸಿ ಮೇಲೆಳೆಯುವಂಥ ವಾಲ್ವನ್ನು ಅಣ್ಣ ಮರದಲ್ಲಿ ಮಾದರಿ ಮಾಡಿದ್ದಾರೆ, ಹಿತ್ತಾಳೆಯಲ್ಲಿ ಎರಕ ಹಾಕಿಸಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಹಾಕುತ್ತೇವೆ. ಬಾಲದ ಮಡಚುವಿಕೆ ಸಾಧಾರಣ ಗಾಳಿಗೆ ಸರಿಯಿದೆ, ಆಷಾಢದ ಜೋರು ಗಾಳಿಗೆ ಹೇಗೆ ಎಂದು ನೋಡಬೇಕು. ಅಲ್ಲಿಯವರೆಗೆ ರಾತ್ರಿ ಹೊತ್ತು ಸನ್ನೆ ಎಳೆದು ಚಕ್ರ ನಿಲ್ಲಿಸುತ್ತಿದ್ದೇವೆ. ಎಣ್ಣೆ ಕುಡಿದ ಎರಡು ಹೆಚ್ಚುವರಿ ವಾಷರ್, ಜಾಲಿಯ ಅಚ್ಚು ಮತ್ತು ಮೂರು ಕೊಕ್ಕೆಯ ಗರಡಿ ಪಂಚಾಯಿತಿಯ ಕಪಾಟಿನಲ್ಲಿವೆ. ಸುತ್ತಲಿನ ಊರಿನವರಿಗೆ ಅಚ್ಚು ಬೇಕಾದರೆ ಅಲ್ಲಿ ಕೇಳಿ ಒಯ್ಯಬಹುದು, ಬಡಿಗೇರ ಕಾಕಾ ಒತ್ತುವ ಕ್ರಮವನ್ನು ತೋರಿಸಿಕೊಡುತ್ತಾರೆ.